ತಡವಾಗಿ ಬರೆದದ್ದು

ತರಗತಿಗೆ ಬಾರದವರ ಹೆಸರನ್ನು ಬರೆದುಕೊಳ್ಳಲಾಗುವುದು ಎಂದು ನೋಟೀಸಿನ ಕೊನೆಯಲ್ಲಿ ಇದ್ದುದರಿಂದ ವರ್ಲೀನ್ ಟಾಲ್ಬರ್ಟ್ ವಾರ್ಡನ್ನು ಬೇರೆಯವರಿಗೆ ಒಪ್ಪಿಸಿ ಎರಡನೆಯ ಮಹಡಿಯ ಸಭಾಕೋಣೆಗೆ ಬಂದು ಕಿಟಕಿಯ ಬಳಿಯ ಮೇಜಿನಲ್ಲಿ ಕೂತಿದ್ದಳು. ಆ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ಅವಳಿಗೆ ಇಪ್ಪತ್ತೇಳು ವರ್ಷ. ಕೋಣೆಯಲ್ಲಿದ್ದ ಇಪ್ಪತ್ತೆರಡು ಮಂದಿಯಲ್ಲಿ ಕಪ್ಪು ಮುಖಗಳು ಎರಡೇ: ಒಂದು ಅವಳದು, ಇನ್ನೊಂದು ಪಾಠ ಹೇಳಲು ಬಂದಿದ್ದ ಇಮಾನಿ ಸ್ಟ್ರೋಡರ್ ಎಂಬ ಹುಡುಗಿಯದು. ಇಮಾನಿ ಪರದೆಯ ಮೇಲೆ ಊರಿನ ನಕ್ಷೆ ತೋರಿಸುತ್ತಿದ್ದಳು. ನದಿಯ ಈಚೆ ಹುಟ್ಟಿದ ಮಗುವಿಗೂ ಆಚೆ ಹುಟ್ಟಿದ ಮಗುವಿಗೂ ಬದುಕುಳಿಯುವುದರಲ್ಲಿ ಇರುವ ಅಂತರ. ಹೆರಿಗೆಯ ಕಾರಣದಿಂದ ಕಪ್ಪು ತಾಯಂದಿರು ಸಾಯುವ ಪ್ರಮಾಣ ಬಿಳಿಯ ತಾಯಂದಿರ ಸುಮಾರು ಮೂರು ಪಟ್ಟು. ಓದಿದ್ದರೂ, ಒಳ್ಳೆಯ ಸಂಬಳವಿದ್ದರೂ ಆ ಅಂತರ ಅಳಿಯುವುದಿಲ್ಲ. ವರ್ಣಭೇದವನ್ನೂ ಕೊಳಕು ನೀರಿನ ಹಾಗೆ, ಕೆಟ್ಟ ಗಾಳಿಯ ಹಾಗೆ ಊರಿನ ಆರೋಗ್ಯದ ವಿಷಯವೆಂದೇ ನೋಡಬೇಕು. 'ಕಪ್ಪು' ಎಂಬ ಮಾತು ಬಂದಾಗಲೆಲ್ಲ ನಾಲ್ಕೈದು ತಲೆಗಳು ತನ್ನ ಕಡೆ ತಿರುಗಿ, ತಿರುಗಿದ್ದು ತಪ್ಪಾಯಿತೇನೋ ಎಂಬಂತೆ ಮತ್ತೆ ಪರದೆಗೆ ಮರಳುವುದನ್ನು ವರ್ಲೀನ್ ಕಣ್ಣಂಚಿನಲ್ಲಿ ನೋಡುತ್ತಿದ್ದಳು. ಇಂಥ ಹೊತ್ತಿಗೆಂದೇ ಅವಳ ಬಳಿ ಒಂದು ಮುಖವಿತ್ತು. ಯಾರಿಗೂ ಏನೂ ಅನ್ನಿಸದಂಥ ಮುಖ. ಬಹಳ ಹೊತ್ತು ಅದನ್ನು ಹಿಡಿದುಕೊಂಡು ಕೂತರೆ ಕೆನ್ನೆ ಎಳೆಯುತ್ತಿತ್ತು.

ಆಮೇಲೆ ಇಮಾನಿ ಮೇಜಿಗೊಂದರಂತೆ ಹಾಳೆ ಹಂಚಿದಳು. "ಇವೆಲ್ಲ ನಿಜವಾದ ಕೇಸ್ ಶೀಟಿಂದ ತೆಗೆದಿದ್ದು. ಹೆಸರು ಅಳಿಸಿದೆ. ಓದಿ, ಬರೆದವರ ಕಣ್ಣಿಗೆ ಏನು ಕಾಣ್ತು, ಏನು ಕಾಣ್ಲಿಲ್ಲ ಅಂತ ಮಾತಾಡಿ." ವರ್ಲೀನಳ ಮೇಜಿನಲ್ಲಿ ಹಾಳೆಯನ್ನು ಎತ್ತಿಕೊಂಡವಳು ಕ್ರಿಸ್ಟಾ ವೆಂಟ್ಜ್. ಹನ್ನೆರಡು ವರ್ಷದಿಂದ ಜೊತೆಯಲ್ಲಿ ಕೆಲಸ ಮಾಡಿದವಳು, ಡಿಸೆಂಬರಿನಲ್ಲಿ ಎಲ್ಲರಿಗೂ ಮನೆಯಲ್ಲೇ ಮಾಡಿದ ಬಿಸ್ಕತ್ತು ತರುವವಳು, ಯಾರ ಕಷ್ಟ ಕೇಳಿದರೂ ಕಣ್ಣು ತುಂಬಿಕೊಳ್ಳುವ ಬಿಳಿ ಹೆಂಗಸು. ಅವಳು ದನಿ ತೆಗೆದು ಓದಿದಳು: "ಬಾಣಂತಿಯು ತಲೆನೋವು ತಡೆಯಲಾಗುತ್ತಿಲ್ಲ ಎನ್ನುತ್ತಾರೆ, ಆದರೆ ಫೋನಿನಲ್ಲಿ ಮಾತನಾಡುತ್ತಿರುವುದು ಕಂಡುಬಂತು. ಮಾತ್ರೆಯನ್ನು ಹೆಸರು ಹಿಡಿದು ಕೇಳುತ್ತಾರೆ. ರಕ್ತದೊತ್ತಡ 152/96. ಮನೆಯವರು ಏರುದನಿಯಲ್ಲಿ ವಾದಿಸುತ್ತಾರೆ, ತಿಳಿಹೇಳಿದರೂ ಕೇಳುವುದಿಲ್ಲ. ಹೇಳುವಷ್ಟು ನೋವು ಕಾಣಿಸುವುದಿಲ್ಲ. ಮತ್ತೆ ನೋಡಲಾಗುವುದು."

ತಿಳಿಹೇಳಿದರೂ ಕೇಳುವುದಿಲ್ಲ. ಆ ಮಾತು ಹೊರಗಿನಿಂದ ಬಂದದ್ದು ಎಂದು ವರ್ಲೀನ್‌ಗೆ ಅನ್ನಿಸಲೇ ಇಲ್ಲ. ತನ್ನ ಬಾಯಿಯಿಂದಲೇ ಹೊರಟು ಕ್ರಿಸ್ಟಾಳ ಬಾಯಲ್ಲಿ ಮುಗಿದ ಹಾಗಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಹಳೆಯ ಹೆಡ್ ನರ್ಸ್ ಅವಳಿಗೆ ಕಲಿಸಿದ ವಾಕ್ಯ ಅದು. ಕೋಪವನ್ನು ಹೀಗೆ ಬರೆಯಬೇಕು, ನಾಳೆ ಯಾರಾದರೂ ಕೇಳಿದರೆ ನಮ್ಮ ಮೇಲೆ ಬರಬಾರದು ಎಂದಿದ್ದಳು. ಐದು ವರ್ಷದ ಹಿಂದಿನ ಅಕ್ಟೋಬರ್. ಒಂಬತ್ತನೆಯ ಕೋಣೆ. ಬಾಗಿಲು ತೆಗೆದರೆ ಕರಿದ ಮೀನಿನ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಬಾಣಂತಿಯ ತಂಗಿ ಉದ್ದುದ್ದ ಉಗುರಿನ ಬೆರಳುಗಳಿಂದ ಮೂಳೆ ಆರಿಸುತ್ತ ಗಟ್ಟಿಯಾಗಿ ನಗುತ್ತಿದ್ದಳು. ಯಾವುದೋ ಶಾಲೆಯಲ್ಲಿ ನೆಲ ಒರೆಸುವ ಕೆಲಸದ ಸಮವಸ್ತ್ರದಲ್ಲೇ ಬಂದಿದ್ದ ತಾಯಿ ಫೋನಿನ ಸ್ಪೀಕರ್ ಹಾಕಿ ಊರಿಗೆಲ್ಲ ಮೊಮ್ಮಗಳ ಸುದ್ದಿ ಹೇಳುತ್ತಿದ್ದಳು. ಔಷಧದ ಗಾಡಿ ತಳ್ಳಿಕೊಂಡು ಬೇರೆ ವಾರ್ಡಿಗೆ ಹೋಗುತ್ತಿದ್ದ ಇಬ್ಬರು ಬಿಳಿ ನರ್ಸುಗಳು ಆ ಬಾಗಿಲ ಮುಂದೆ ಒಂದು ಚೂರು ನಿಧಾನವಾಗಿ, ಒಬ್ಬರನ್ನೊಬ್ಬರು ನೋಡಿಕೊಂಡು ಮುಂದೆ ಹೋಗಿದ್ದರು. ಆ ನೋಟ. ಅದು ಕೋಣೆಯೊಳಗಿನವರ ಮೇಲೆ ಬಿದ್ದದ್ದು, ಆದರೆ ವರ್ಲೀನಳ ಕುತ್ತಿಗೆ ಬಿಸಿಯಾಗಿತ್ತು. ಸ್ವಲ್ಪ ಮೆಲ್ಲಗೆ ಮಾತಾಡಬಾರದೆ ಇವರು, ಎಂದುಕೊಂಡಿದ್ದಳು. ನಮ್ಮ ಮರ್ಯಾದೆ ತೆಗೆಯುತ್ತಾರೆ. 'ನಮ್ಮ' ಎಂದುಕೊಂಡದ್ದು ಅವಳಿಗೆ ಸ್ಪಷ್ಟವಾಗಿ ನೆನಪಿತ್ತು. ಆ ಮಾತಿನ ಸಿಟ್ಟಿನಲ್ಲೇ ಬಂದು ಕೂತು ಆ ಆರು ಸಾಲು ಬರೆದಿದ್ದಳು, ರಕ್ತದೊತ್ತಡ ಅಷ್ಟು ಏರಿದ್ದರೂ ಡಾಕ್ಟರಿಗೆ ಫೋನು ಮಾಡಲಿಲ್ಲ, ಸಂಜೆ ಏಳು ಗಂಟೆಗೆ ಪಾಳಿ ಮುಗಿಸಿ ಮನೆಗೆ ಹೋದಳು. ಆ ಇರುಳೇ ಬಾಣಂತಿ ಹುಡುಗಿಗೆ ಮೆದುಳಿನಲ್ಲಿ ರಕ್ತ ಸೋರಿತು. ಸಾಯಲಿಲ್ಲ. ಬಲಗೈ ಸ್ವಾಧೀನ ತಪ್ಪಿಹೋಯಿತು ಎಂದು ಎರಡು ದಿನದ ಮೇಲೆ ಯಾರೋ ಹೇಳಿದಾಗ ವರ್ಲೀನ್ ತೊಟ್ಟಿಲ ಬಟ್ಟೆ ಮಡಿಸುತ್ತಿದ್ದಳು, ಮಡಿಸುವುದನ್ನು ನಿಲ್ಲಿಸಿರಲಿಲ್ಲ.

"ಎಂಥ ಜನ ಇದು, ಹೀಗೆ ಬರೀತಾರಲ್ಲ," ಎಂದಳು ಕ್ರಿಸ್ಟಾ. ಅವಳ ಕಣ್ಣು ಆಗಲೇ ತುಂಬಿತ್ತು. "ಆ ಹುಡುಗಿ ಬಿಳಿಯವಳಾಗಿದ್ರೆ ಹಿಂಗೆ ಬರೀತಿದ್ರಾ? ನಮ್ಮವರ ಪರವಾಗಿ ನಂಗೆ ನಾಚಿಕೆ ಆಗುತ್ತೆ ವರ್ಲೀನ್, ನಿಜವಾಗ್ಲೂ." ಮೇಜಿನಲ್ಲಿದ್ದ ಇನ್ನಿಬ್ಬರೂ ತಲೆಯಾಡಿಸಿದರು. ಮೂವರೂ ವರ್ಲೀನಳನ್ನು ನೋಡುತ್ತಿದ್ದರು, ಅವಳು ಏನಾದರೂ ಹೇಳಿ ತಮ್ಮನ್ನು ಬಿಡಿಸಲಿ ಎಂಬಂತೆ. ಆ ಹೊತ್ತಿಗೆ ಸರಿಯಾಗಿ ಇಮಾನಿ ಅಲ್ಲಿಗೆ ಬಂದು, ತುಂಬ ಮರ್ಯಾದೆಯಿಂದ, "ಮಿಸ್ ವರ್ಲೀನ್, ಒತ್ತಾಯ ಇಲ್ಲ. ಆದರೆ ನಿಮ್ಮಷ್ಟು ಹಿರಿಯರು ಈ ಕೋಣೆಯಲ್ಲಿ ಬೇರೆ ಯಾರೂ ಇಲ್ಲ. ಏನಾದ್ರೂ ಹೇಳ್ತೀರಾ?" ಎಂದಳು. ವರ್ಲೀನ್ ಎದ್ದು ನಿಂತಳು. ಹೇಳಿಬಿಡಬೇಕು ಎಂದುಕೊಂಡೇ ನಿಂತದ್ದು. ಬಾಯಿ ತೆರೆದಾಗ ಬಂದದ್ದು ಬೇರೆಯದೇ ಕತೆ.

ಮಗನನ್ನು ಹೆತ್ತಾಗ ಅವಳಿಗೆ ಇಪ್ಪತ್ತೈದು. ಮಿಸಿಸಿಪ್ಪಿಯಿಂದ ಬಂದ ಅವಳ ತಾಯಿ ಡಾಕ್ಟರ ಬಳಿಗೆ ಹೋಗುವ ದಿನ ಚರ್ಚಿನ ಟೋಪಿ ಹಾಕಿಕೊಳ್ಳುತ್ತಿದ್ದಳು. ಮಕ್ಕಳ ಒಳಬಟ್ಟೆಗೂ ಇಸ್ತ್ರಿ. 'ಅವರ ಮುಂದೆ ನರಳಬೇಡ. ನರಳಿದರೆ ನಿನ್ನನ್ನೂ ಆ ಗುಂಪಿಗೆ ಸೇರಿಸ್ತಾರೆ,' ಎನ್ನುತ್ತಿದ್ದಳು. ಹೆರಿಗೆಯಾದ ಮೇಲೆ ಬಿಳಿಯ ಡಾಕ್ಟರ್ ಮರಗಟ್ಟಿಸುವ ಸೂಜಿ ಹಾಕದೆಯೇ ಹೊಲಿಗೆ ಹಾಕಿದ. ಅವಳು ದಿಂಬಿನ ಬಟ್ಟೆ ಕಚ್ಚಿಕೊಂಡು ಮಲಗಿದ್ದಳು. ಮುಗಿದ ಮೇಲೆ ಆತ ಭುಜ ತಟ್ಟಿ, ನೀನು ಬೇರೆಯವರ ಹಾಗಲ್ಲ, ಒಳ್ಳೆಯ ಪೇಷೆಂಟ್ ಎಂದ. ಇಷ್ಟನ್ನೂ ವರ್ಲೀನ್ ಸಭೆಗೆ ಹೇಳಿದಳು. ಆ ಹೊಗಳಿಕೆಯಿಂದ ತನಗೆ ಎಷ್ಟು ಸಂತೋಷವಾಗಿತ್ತು, ಎಷ್ಟೋ ವರ್ಷ ಅದನ್ನು ನೆನೆದು ಹೆಮ್ಮೆಪಟ್ಟಿದ್ದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಯಾರೋ ಮೂಗು ಒರೆಸಿಕೊಂಡರು. ಆಮೇಲೆ ಚಪ್ಪಾಳೆ. ಚಪ್ಪಾಳೆಯ ನಡುವೆ ಅವಳು ಕೂತುಕೊಂಡು ಹಾಳೆಯನ್ನು ತಿರುವಿ ಹಾಕಿದಳು. ಕಾರಿಡಾರಿನಲ್ಲಿ ಕ್ರಿಸ್ಟಾ ಅವಳನ್ನು ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಅವಳ ಕಣ್ಣೀರು ತನ್ನ ಕಿವಿಯ ಹಿಂದೆ ಇಳಿಯುತ್ತಿದ್ದಾಗ, ವರ್ಲೀನಳೇ ಅವಳ ಬೆನ್ನು ಸವರಿ, "ಆಯ್ತು ಬಿಡೆ, ಆಯ್ತು ಬಿಡು," ಎನ್ನಬೇಕಾಯಿತು.

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಇಮಾನಿ ತಟ್ಟೆ ಹಿಡಿದು ಅವಳ ಎದುರಿಗೇ ಬಂದು ಕೂತಳು. ಹತ್ತಿರದಿಂದ ನೋಡಿದರೆ ಮೂವತ್ತೂ ಆಗಿರದ ಮುಖ. ವರ್ಲೀನ್ ಸೂಪಿನಲ್ಲಿ ಚಮಚ ಆಡಿಸುತ್ತ, ಸುಮ್ಮನೆ ಕೇಳಿದ ಹಾಗೆ, "ನಮ್ಮ ಮೇಜಿಗೆ ಬಂದ ಆ ಹಾಳೆ... ಅದನ್ನ ಹೀಗೆ ಎಲ್ಲರ ಮುಂದೆ ಓದ್ತಾರೆ ಅಂತ ಆ ಹುಡುಗಿಗೆ ಗೊತ್ತಾ?" ಎಂದಳು.

"ಹೆಸರೆಲ್ಲ ಅಳಿಸಿ ಅವರೇ ಕೊಟ್ಟಿದ್ದು ಮಿಸ್ ವರ್ಲೀನ್. ಆ ಹುಡುಗಿ ಮತ್ತೆ ಅವರಮ್ಮ, ಇಬ್ರೂ. ಇದೇ ಆಸ್ಪತ್ರೇಲಿ ಓದ್ಬೇಕು ಅಂತ ಹಟ."

"ಬರೆದ ನರ್ಸ್ ಯಾರು ಅಂತ ಹೇಳಿದಾರಾ?"

"ಹುಡುಗಿಗೆ ಮುಖ ನೆನಪಿಲ್ಲ. ಅಮ್ಮನಿಗೆ ಚೆನ್ನಾಗಿ ನೆನಪಿದೆ, ಆದ್ರೆ ಹೇಳಲ್ಲ. ಎಷ್ಟು ಕೇಳಿದ್ರೂ ಹೇಳಲ್ಲ. 'ಯಾರು ಅಂತ ಹೇಳಿದ್ರೆ ಆ ಕೋಣೇಲಿ ಇರೋ ಮಿಕ್ಕವರೆಲ್ಲ ಆರಾಮಾಗಿ ಕಾಲು ಚಾಚ್ಕೊಂಡು ಕೂತ್ಕೋತಾರೆ' ಅಂತಾರೆ. ಒಬ್ಬರ ಮೇಲೆ ಹಾಕಿ ಕೈ ತೊಳ್ಕೋತಾರೆ ಅಂತ ಇರ್ಬೇಕು." ಇಮಾನಿ ಬ್ರೆಡ್ಡು ಮುರಿದಳು. "ಯಾರಿಗಾದ್ರೂ ತಮ್ಮನ್ನ ಏನಾದ್ರೂ ಕೇಳ್ಬೇಕು ಅನ್ನಿಸಿದ್ರೆ ಕೊಡಿ ಅಂತ ಫೋನ್ ನಂಬರೂ ಕೊಟ್ಟಿದಾರೆ. ಇದು ನಾಲ್ಕನೇ ಕ್ಲಾಸು. ಇದುವರೆಗೂ ಒಬ್ರೂ ಕೇಳಿಲ್ಲ."

ವರ್ಲೀನ್‌ಗೆ ಅರ್ಥವಾಯಿತು. ಬರೆದವಳು ಕಪ್ಪು ಹೆಂಗಸು ಎಂದು ಗೊತ್ತಾದ ಗಳಿಗೆ ಆ ಕೋಣೆಯಲ್ಲಿ ಎಷ್ಟು ಭುಜಗಳು ಸಡಿಲವಾಗುತ್ತವೆ ಎಂದು ಆ ತಾಯಿ ಲೆಕ್ಕ ಹಾಕಿದ್ದಳು. ಹಾಗಾದರೆ ತಾನು ಬಾಯಿ ಬಿಟ್ಟರೆ ಅವರಿಗೆ ನಿರಾಳ, ಬಿಡದಿದ್ದರೆ ತನಗೆ ನಿರಾಳ. ಹೇಳುವುದು ಹೇಳದಿರುವುದು ಎರಡೂ ಯಾರದೋ ಅನುಕೂಲಕ್ಕೆ. "ಆ ನಂಬರು ನಂಗೆ ಕೊಡು," ಎಂದಳು. ದನಿ ಎಷ್ಟು ಸಹಜವಾಗಿ ಬಂತೆಂದರೆ ಅವಳಿಗೇ ಹೇಸಿಗೆಯಾಯಿತು. ಇಮಾನಿ ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಸರಿಸಿದಳು. ಸರಿಸಿದ ಮೇಲೆ ಅವಳ ಬೆರಳು ಚೀಟಿಯ ಮೇಲೇ ಒಂದು ಕ್ಷಣ ನಿಂತಿತು. ಅವಳು ವರ್ಲೀನಳ ಮುಖವನ್ನು ನೋಡಿದಳು. ಬೆರಳು ತೆಗೆದಳು.

ಭಾನುವಾರ ಮಧ್ಯಾಹ್ನ ವರ್ಲೀನ್ ಚರ್ಚಿನಿಂದ ಮನೆಗೆ ಹೋಗಿ, ಟೋಪಿ ತೆಗೆದಿಟ್ಟು, ಹಿಂದಿನ ದಿನವೇ ಫೋನು ಮಾಡಿ ತಿಳಿದುಕೊಂಡಿದ್ದ ವಿಳಾಸಕ್ಕೆ ಬಸ್ಸು ಹಿಡಿದು ಹೋದಳು. ಮಾರ್ಚಿನ ಕೊಳಕು ಹಿಮ ರಸ್ತೆಯ ಅಂಚಿನಲ್ಲಿ ಬೂದಿಯ ಹಾಗೆ ಬಿದ್ದಿತ್ತು. ಬಸ್ಸಿನಲ್ಲಿ ಅವಳು ಮಾತುಗಳನ್ನು ಜೋಡಿಸಿಕೊಂಡಳು, ಕೆಡವಿದಳು. ಆ ದಿನ ವಾರ್ಡಿನಲ್ಲಿ ಇಬ್ಬರು ಮಾಡುವ ಕೆಲಸ ಒಬ್ಬಳ ಮೇಲೆ ಬಿದ್ದಿತ್ತು ಎಂಬುದು ನಿಜವೇ. ಆದರೆ ಪಕ್ಕದ ಹತ್ತನೆಯ ಕೋಣೆಯ ಬಿಳಿ ಹುಡುಗಿಗೆ ಸೊಂಟ ನೋವೆಂದಾಗ ತಾನೇ ಎರಡು ಸಲ ಹೋಗಿ ದಿಂಬು ಸರಿಪಡಿಸಿದ್ದೂ ನಿಜ. ಇವೆರಡನ್ನೂ ಒಟ್ಟಿಗೆ ನೆನೆಯಲು ಅವಳಿಗೆ ಐದು ವರ್ಷ ಬೇಕಾಗಿತ್ತು. ಬಾಗಿಲು ತೆಗೆದವಳು ತಾಯಿಯೇ, ಓಜೆಲ್ಲಾ ಡಾರ್ಸಿ. ಅವಳು ಆಶ್ಚರ್ಯಪಡಲಿಲ್ಲ.

"ಫೋನಲ್ಲಿ ದನಿ ಕೇಳ್ದಾಗ್ಲೇ ಗೊತ್ತಾಯ್ತು," ಎಂದಳು. "ಐದು ವರ್ಷ ಹಿಡೀತು ನಿಂಗೆ, ಹದಿನಾಲ್ಕು ಬಸ್ ಸ್ಟಾಪ್ ದಾಟೋಕೆ. ಬಾ, ಚಳಿ ಒಳಗೆ ಬರುತ್ತೆ."

ಒಳಗೆ ಸೋಫಾದ ಮೇಲೆ ಮಗಳು ಜನೇಯಾ ಕೂತಿದ್ದಳು. ಬಲಗೈ ತೊಡೆಯ ಮೇಲೆ, ಯಾರೋ ಇಟ್ಟು ಮರೆತ ಹಾಗೆ ಇತ್ತು. ಕೆಳಗೆ ನೆಲದ ಮೇಲೆ ಐದು ವರ್ಷದ ಹುಡುಗಿ, ಅರ್ಧ ಜಡೆ ಹಾಕಿಸಿಕೊಂಡ ತಲೆಯಲ್ಲಿ ಬಾಚಣಿಗೆ ಸಿಕ್ಕಿಸಿಕೊಂಡು ಟಿ.ವಿ. ನೋಡುತ್ತಿತ್ತು. ಇನ್ನರ್ಧ ಜಡೆಯನ್ನು ಹಾಕಬೇಕಾದವಳು ಅಜ್ಜಿ ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ವರ್ಲೀನ್ ನಿಂತೇ, ಬಸ್ಸಿನಲ್ಲಿ ಜೋಡಿಸಿಕೊಂಡದ್ದರ ಮೊದಲ ವಾಕ್ಯ ಹೇಳಿದಳು: "ಕ್ಷಮೆ ಕೇಳೋಕೆ ಬಂದಿದೀನಿ."

"ಅದನ್ನ ನಿನ್ನ ಚರ್ಚಿನಲ್ಲಿ ಕೇಳ್ಕೋ," ಎಂದಳು ಓಜೆಲ್ಲಾ. ಸಿಟ್ಟಿನಿಂದೇನೂ ಅಲ್ಲ, ಮೊಮ್ಮಗಳ ತಲೆಯನ್ನು ತನ್ನ ಮೊಣಕಾಲ ನಡುವೆ ಎಳೆದುಕೊಂಡು ಬೈತಲೆ ತೆಗೆಯುತ್ತ ಹೇಳಿದಳು. "ನಂದೊಂದು ಮಾತಿದೆ, ಕೇಳು. ಅವತ್ತು ನೀನು ಬಾಗಿಲಲ್ಲಿ ಬಂದು ನಿಂತಾಗ ನಂಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ? ನಮ್ಮವಳು ಒಬ್ಳು ಇದಾಳೆ, ಇನ್ನು ಪರವಾಗಿಲ್ಲ ಅಂದ್ಕೊಂಡೆ. ಬಿಳಿಯವಳು ಯಾರಾದ್ರೂ 'ಮಲಕ್ಕೋ ಸರಿಹೋಗುತ್ತೆ' ಅಂದಿದ್ರೆ ನಾನು ವಾರ್ಡನ್ನೇ ತಲೆಕೆಳಗು ಮಾಡ್ತಿದ್ದೆ, ಡಾಕ್ಟ್ರು ಬರೋವರ್ಗೂ ಬಿಡ್ತಿರ್ಲಿಲ್ಲ. ನೀನು ಅಂದೆ. ನಾನು ಸುಮ್ನಾದೆ. ಇವಳ ತಂಗಿಗೂ ಬೈದು ಸುಮ್ನಿರಿಸ್ದೆ." ಬಾಚಣಿಗೆ ನಿಂತಿತು. "ನಿನ್ನ ಮೇಲಿರೋದಕ್ಕಿಂತ ನಂಗೆ ನನ್ನ ಮೇಲೇ ಸಿಟ್ಟು ಜಾಸ್ತಿ. ಅದನ್ನ ಹೇಗೆ ವಾಪಸ್ ಕೊಡ್ತೀಯ?"

ವರ್ಲೀನ್‌ಗೆ ಕೂರಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬೈಗುಳಕ್ಕೆ ಅವಳು ಸಿದ್ಧವಾಗಿದ್ದಳು, ಮುಖವನ್ನೂ ಸಿದ್ಧಮಾಡಿಕೊಂಡು ಬಂದಿದ್ದಳು. ಆ ಮುಖ ಈಗ ಯಾವ ಉಪಯೋಗಕ್ಕೂ ಬಾರದೆ ಮುಖದ ಮೇಲೆ ಉಳಿದುಹೋಗಿತ್ತು. ಆಗ ಜನೇಯಾ ಎಡಗೈಯಿಂದ ಪಕ್ಕದ ಜಾಗ ತಟ್ಟಿದಳು. ಅವಳ ಮಾತು ಒಂದೊಂದಾಗಿ, ಇಳಿಜಾರಿನಲ್ಲಿ ಹೆಜ್ಜೆ ನೋಡಿಕೊಂಡು ಇಳಿಯುವವರ ಹಾಗೆ ಬರುತ್ತಿತ್ತು. "ಓದಿ. ನೀವು... ಬರೆದದ್ದು. ನಂಗೆ ಅಕ್ಷರ... ಓಡ್ತಾವೆ. ಅಮ್ಮ ಓದಿದ್ರೆ... ಅಳ್ತಾಳೆ." ಟೀಪಾಯಿಯ ಕೆಳಗಿನ ಕಡತದಿಂದ ಆ ಹಾಳೆಯ ಪ್ರತಿ ಬಂತು. ಇದರಲ್ಲಿ ಹೆಸರು ಅಳಿಸಿರಲಿಲ್ಲ. ವರ್ಲೀನ್ ಓದಿದಳು. ಬಾಣಂತಿಯು ಎನ್ನುತ್ತಾರೆ. ಕಂಡುಬಂತು. ತಿಳಿಹೇಳಿದರೂ. ಜನೇಯಾ ಕಣ್ಣು ಮುಚ್ಚಿ ಕೇಳಿದಳು.

"ನಾನು... ಇನ್ನೊಂದು ಹೇಳಿದ್ದೆ," ಎಂದಳು. "ಅದಿಲ್ಲ. ಈಗ ಬರೀರಿ."

ವರ್ಲೀನ್ ಚೀಲದಿಂದ ಪೆನ್ನು ತೆಗೆದಳು. ಹಾಳೆಯ ಹಿಂಬದಿಯಲ್ಲಿ ಬರೆಯತೊಡಗಿದಳು. ತಲೆನೋವು ಹಿಂದಲೆಯಲ್ಲಿ ಶುರುವಾಯಿತು. ಫೋನು ಮಾಡಿದ್ದು ಗಂಡನಿಗೆ, ಬೇಗ ಬಾ, ಭಯವಾಗುತ್ತಿದೆ ಎನ್ನಲು. ಮಾತ್ರೆಯ ಹೆಸರು ಗೊತ್ತಿದ್ದುದು ಚಟದಿಂದಲ್ಲ, ಔಷಧದಂಗಡಿಯಲ್ಲಿ ಮೂರು ವರ್ಷ ಕೆಲಸ ಮಾಡಿದ್ದರಿಂದ. ಆಮೇಲೆ, ನಿಮ್ಮ ಮುಖದಲ್ಲಿ, ಎಂದು ಜನೇಯಾ ತಡವರಿಸಿದಳು. ಮಾತು ಸಿಗಲಿಲ್ಲ. ಎಡಗೈಯ ಬೆರಳುಗಳು ಗಾಳಿಯಲ್ಲಿ ಏನನ್ನೋ ಸುತ್ತುತ್ತಿದ್ದವು. "ಬೆಳಕಾ, ಅಮ್ಮ? ಚುಕ್ಕೀನಾ?" ಎಂದಿತು ಮಗು. "ಶ್, ಅವಳೇ ಹುಡುಕ್ಕೋತಾಳೆ," ಎಂದಳು ಅಜ್ಜಿ. ಯಾವ ಮಾತಿರಬಹುದೆಂದು ನರ್ಸಾದ ವರ್ಲೀನ್‌ಗೆ ಗೊತ್ತಿತ್ತು. ಪುಸ್ತಕದಲ್ಲಿ ಅದಕ್ಕೊಂದು ಹೆಸರೂ ಇತ್ತು. ಅವಳು ತುಟಿ ಬಿಗಿಹಿಡಿದು ಕಾದಳು. ಟಿ.ವಿ.ಯಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಯಿತು. ಹೊರಗೆ ಒಂದು ಬಸ್ಸು ಬಂದು ನಿಂತು ಹೋಯಿತು.

"ತೂತು," ಎಂದಳು ಜನೇಯಾ. "ನಿಮ್ಮ ಮುಖ ಇರೋ ಕಡೆ... ತೂತು. ಸುತ್ತ ಕೂದಲು ಕಾಣ್ತಿತ್ತು... ಟೋಪಿ ಕಾಣ್ತಿತ್ತು. ಮುಖ ಇಲ್ಲ. ಹೇಳಿದೆ. ನಿಮಗೇ ಹೇಳಿದೆ."

ಹೇಳಿದ್ದಳು. ನೀನು ಯಾರೇ, ನಿನ್ನ ಮುಖವೇ ಕಾಣಿಸ್ತಿಲ್ಲ ನಂಗೆ, ಎಂದಿದ್ದಳು. ತಂಗಿ ಮೀನಿನ ಮೂಳೆ ಕೈಯಲ್ಲೇ ಹಿಡಿದು ನಕ್ಕಿದ್ದಳು. ಇದು ತನ್ನನ್ನು ಆಡಿಕೊಳ್ಳುವ ಮಾತು, ಸಮವಸ್ತ್ರ ಹಾಕಿಕೊಂಡ ಕೂಡಲೇ ನಮ್ಮನ್ನು ಮರೆತವಳು ಎಂಬ ಚುಚ್ಚುಮಾತು ಎಂದು ವರ್ಲೀನ್ ತಿಳಿದಿದ್ದಳು. ಅಂಥ ಮಾತು ಅವಳು ಬೇಕಾದಷ್ಟು ಕೇಳಿದ್ದಳು. ಅದೇ ಮಾತನ್ನು ಹತ್ತನೆಯ ಕೋಣೆಯವಳು ಹೇಳಿದ್ದರೆ, ಕಣ್ಣಿನ ದೃಷ್ಟಿ ಕೆಡುತ್ತಿದೆ ಎಂದು ಓಡಿಹೋಗಿ ಡಾಕ್ಟರನ್ನು ಕರೆಯುತ್ತಿದ್ದಳು. 'ತೂತು' ಎಂಬುದನ್ನು ಎರಡು ಸಲ ತಿದ್ದಿ ಬರೆಯಬೇಕಾಯಿತು. ಕೊನೆಗೆ, ಅವರು ಕೇಳುವ ಮೊದಲೇ, "ಇದು ನನ್ನ ಕೈಯಲ್ಲಿದ್ರೆ ಸಾಲ್ದು. ನಿನ್ನ ಕೇಸ್ ಶೀಟಿಗೆ ಹೋಗ್ಬೇಕು, ನನ್ನ ಹೆಸರಲ್ಲಿ," ಎಂದಳು.

ಓಜೆಲ್ಲಾ ಜಡೆಯ ತುದಿಗೆ ಮಣಿ ಕಟ್ಟುತ್ತ, "ಹೋದ್ರೆ ನಿನ್ನ ಕೆಲಸ ಹೋಗುತ್ತೆ," ಎಂದಳು. ಬೇಡವೆನ್ನುವ ದನಿಯೇನೂ ಅಲ್ಲ. "ಸಭೇಲಿ ಎದ್ದು ನಿಂತು ಅತ್ತು ಗೋಳಾಡೋದು ಮಾತ್ರ ಬೇಡ. ಅವ್ರು ನಿನ್ನ ಬೆನ್ನು ಸವರ್ತಾರೆ, ಮನೆಗೆ ಹೋಗಿ ನಿದ್ದೆ ಮಾಡ್ತಾರೆ."

ಸೋಮವಾರ ಬೆಳಗ್ಗೆ ವರ್ಲೀನ್ ಅರ್ಧ ಗಂಟೆ ಮೊದಲೇ ಬಂದು ಮೂಲೆಯ ಕಂಪ್ಯೂಟರಿನ ಮುಂದೆ ಕೂತಳು. ಹಳೆಯ ದಾಖಲೆಗೆ ತಡವಾಗಿ ಸೇರಿಸುವ ಟಿಪ್ಪಣಿಗೆ ಬೇರೆಯೇ ಜಾಗವಿತ್ತು. ಜನೇಯಾ ಹೇಳಿದ್ದನ್ನು ಅವಳದೇ ಮಾತಿನಲ್ಲಿ, ಒಂದನ್ನೂ ತಿದ್ದದೆ ಟೈಪು ಮಾಡಿದಳು. ತಡವಾದ ಕಾರಣವೇನು ಎಂದು ಯಂತ್ರ ಕೇಳಿತು. ಆರಿಸಿಕೊಳ್ಳಲು ತಾನೇ ನಾಲ್ಕು ಕಾರಣ ಕೊಟ್ಟಿತು. ಕೆಲಸದ ಒತ್ತಡ. ಯಂತ್ರದ ದೋಷ. ಮಾಹಿತಿ ಈಗಷ್ಟೇ ದೊರೆತದ್ದು. ಇತರೆ. ಮೂರನೆಯದರ ಮೇಲೆ ಅವಳ ಕೈ ಬಹಳ ಹೊತ್ತು ನಿಂತಿತ್ತು. ಅದನ್ನು ಒತ್ತಿದರೆ ಯಾರೂ ಏನೂ ಕೇಳುತ್ತಿರಲಿಲ್ಲ, ಪೆನ್ಷನ್ನಿಗೆ ಇನ್ನು ಎರಡೇ ವರ್ಷ. 'ಇತರೆ' ಒತ್ತಿ ಬರೆದಳು: ಮಾಹಿತಿ ಅಂದೇ ದೊರೆತಿತ್ತು. ನಾನು ಬರೆಯಲಿಲ್ಲ.

ಹನ್ನೊಂದು ಗಂಟೆಗೆ ಮೇಲಿನ ಕಚೇರಿಯಿಂದ ಕರೆ ಬಂತು. ಆಸ್ಪತ್ರೆಯ ವಕೀಲರೊಬ್ಬರು ಕೂತಿದ್ದರು. ಯಾರನ್ನು ಕೇಳಿ ಬರೆದಿರಿ ಎಂದರು. ವಿಚಾರಣೆ ಮುಗಿಯುವವರೆಗೆ ವಾರ್ಡಿಗೆ ಬರಬೇಡಿ ಎಂದರು. ಅವಳು ಕೋಟು ತೆಗೆದುಕೊಳ್ಳಲು ಕೆಳಗೆ ಬರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲು ಬಂದಿತ್ತು. ಕಾರಿಡಾರಿನಲ್ಲಿ ಕ್ರಿಸ್ಟಾ ಎದುರಾದಳು.

"ಅಯ್ಯೋ ವರ್ಲೀನ್, ಅದು ನೀವಾ?" ಎಂದಳು. ಮುಖದಲ್ಲಿ ಮರುಕವಿತ್ತು, ನಿಜವಾದದ್ದೇ. ಅದರ ಅಡಿಯಲ್ಲಿ, ಅವಳಿಗೇ ಗೊತ್ತಿಲ್ಲದೆ, ಭುಜಗಳು ಇಳಿದಿದ್ದವು. ಓಜೆಲ್ಲಾ ಹೇಳಿದ್ದ ಹಾಗೆಯೇ. "ಹಾಗಾದ್ರೆ ಅದು ಬಣ್ಣದ ವಿಷಯ ಅಲ್ಲವೇ ಅಲ್ಲ, ಅಲ್ವಾ? ನೀವು ಯಾಕೆ ಇದನ್ನೆಲ್ಲ ಮೇಲೆ ಹಾಕ್ಕೊಂಡ್ರಿ?"

"ಅವತ್ತು ಏಳು ಗಂಟೆಗೆ ವಾರ್ಡು ವಹಿಸ್ಕೊಂಡಿದ್ದು ಯಾರು, ಕ್ರಿಸ್ಟಾ?"

ಕ್ರಿಸ್ಟಾ ಲೆಕ್ಕ ಹಾಕುವುದು ಕಾಣುತ್ತಿತ್ತು. ಅಕ್ಟೋಬರ್. ಒಂಬತ್ತನೆಯ ಕೋಣೆ. "ನೀವು ಬರೆದಿದ್ರಿ," ಎಂದಳು ನಿಧಾನವಾಗಿ. "ನಾನು ಅದನ್ನ ಓದಿ... ಅವಳಮ್ಮ ಎರಡು ಸಲ ಗಂಟೆ ಒತ್ತಿದ್ರು, ನಾನು..."

"ನೀನು ಓದಿ ನಂಬಿದೆ. ಆರು ಸಾಲು. ಅಷ್ಟು ಬೇಗ ಹೇಗೆ ನಂಬಿದೆ ಅಂತ ಯೋಚ್ನೆ ಮಾಡು. ಅಷ್ಟು ಸಲೀಸಾಗಿ ಹೇಗೆ ಬರೆದೆ ಅಂತ ನಾನೂ ಮಾಡ್ತಿದೀನಿ."

ಹೇಳಿದ ಮೇಲೆ ವರ್ಲೀನ್‌ಗೆ ಸಮಾಧಾನವೇನೂ ಆಗಲಿಲ್ಲ. ಅದು ಹೇಳಲೇಬೇಕಾದ ಮಾತಾಗಿತ್ತೋ, ಅಥವಾ ಆ ಕಾರಿಡಾರಿನಲ್ಲಿ ಒಬ್ಬಳೇ ನಿಲ್ಲಲಾರದೆ ಇನ್ನೊಬ್ಬಳನ್ನು ಎಳೆದುಕೊಂಡದ್ದೋ, ಅವಳಿಗೆ ಗೊತ್ತಾಗಲಿಲ್ಲ. ಕ್ರಿಸ್ಟಾಳ ಕಣ್ಣಲ್ಲಿ ಈ ಸಲ ನೀರು ಬರಲಿಲ್ಲ. ಅವಳು ಗೋಡೆಗೆ ಕೈಯೂರಿ ನಿಂತಿದ್ದಳು. ಅಷ್ಟರಲ್ಲಿ ಆರನೆಯ ಕೋಣೆಯ ಕರೆಗಂಟೆ ಬಾರಿಸಿ ಬಾಗಿಲ ಮೇಲಿನ ದೀಪ ಹತ್ತಿತು. ವರ್ಲೀನಳ ಕಾಲು ತಾನಾಗಿಯೇ ಆ ಕಡೆ ಎರಡು ಹೆಜ್ಜೆ ಹಾಕಿತು. ತಾನಿನ್ನು ಹೋಗುವಂತಿಲ್ಲ ಎಂಬುದು ನೆನಪಾಗಿ, ಕೋಟನ್ನು ಎದೆಗವುಚಿಕೊಂಡು ನಿಂತಳು. "ನೀನು ಹೋಗು," ಎಂದಳು. ಕ್ರಿಸ್ಟಾ ಹೋದಳು. ಒಳಗಿನ ಹೆಂಗಸು ಏನನ್ನೋ ಹೇಳತೊಡಗಿದಳು, ಗಟ್ಟಿಯಾಗಿ, ಬಿಡದೆ, ಮತ್ತೆ ಮತ್ತೆ ಅದನ್ನೇ; ಆದರೆ ಬಾಗಿಲು ಅರ್ಧ ಮುಚ್ಚಿಕೊಂಡಿದ್ದರಿಂದ ಅದೇನೆಂದು ವರ್ಲೀನ್‌ಗೆ ಕೇಳಿಸಲಿಲ್ಲ.